ಸೇವೆಗೂ ವಿದ್ಯೆ ಬೇಕು

(ನಮ್ಮ ಇಗರ್ಜಿಯ ಶತಮಾನೋತ್ಸವದ ಅಂಗವಾಗಿ ಜರಗಿದ ಯುವಜನರ ಹಾಗೂ ಹೆತ್ತವರ ಸಮಾವೇಶದಲ್ಲಿ ಮಾಡಿದ ಭಾಷಣ)



ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಕಲ್ಲು ಹೊತ್ತು, ಸುಣ್ಣ ಅರೆದು, ತಮ್ಮ ಬಡತನದ ನಡುವೆಯೂ ಪಿಡಿ ಅಕ್ಕಿ ಕೂಡಿಸಿ ಕಟ್ಟಿದ ಈ ದೇವಾಲಯದ ಅಂಗಳದಲ್ಲಿ ನಾವಿಂದು ಸೇರಿದ್ದೇವೆ. ಅವರ ಶ್ರಮವನ್ನು ಕೊಂಡಾಡುವ ಕೆಲಸವನ್ನು ಈ ಸಮಾರಂಭದಲ್ಲಿ ಬೇರೆಯವರು ನಮಗಿಂತ ಚೆನ್ನಾಗಿ ನೆರವೇರಿಸುವರು. ನಮಗೆ ವಹಿಸಿಕೊಟ್ಟಿರುವ ವಿಷಯ ಮುಂದಿನ ಕಾಲಕ್ಕೆ ಸಂಬಂಧಪಟ್ಟದ್ದು. ಪರರ ಸೇವೆಯನ್ನೇ ಜೀವನವೃತ್ತಿಯಾಗಿ ಆರಿಸಿಕೊಳ್ಳಬಯಸುವ ಯುವಕ ಯುವತಿಯರು ಕಾಲೇಜಿನಲ್ಲಿ ಸಮಾಜಕಾರ್ಯವನ್ನು ಅಭ್ಯಸಿಸುವುದು ಅಗತ್ಯವೇ, ಅದರಿಂದ ಅವರಿಗೂ ಸಮಾಜಕ್ಕೂ ಆಗುವ ಪ್ರಯೋಜನವೇನು ಎಂಬುದೇ ಆ ವಿಷಯ.

ಈ ಮಾತನ್ನು ಎತ್ತಿದೊಡನೆ ಅನೇಕ ಮನೆಗಳಲ್ಲಿ ಕೇಳಿಬರುವ ಪ್ರಶ್ನೆಯೊಂದುಂಟು: 'ಉಪಕಾರ ಮಾಡಲಿಕ್ಕೆ ಡಿಗ್ರಿ ಯಾಕೆ? ನಮ್ಮ ಅಜ್ಜಿ ಯಾವ ಕಾಲೇಜಿಗೆ ಹೋಗಿದ್ದರು?' ಈ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ನೆರೆಮನೆಯ ಬಾಣಂತಿಗೆ ಬಿಸಿನೀರು ಕಾಯಿಸಿಕೊಟ್ಟವರು, ಒಲೆ ಉರಿಯದ ಮನೆಗೆ ಸೆರಗಿನ ಮರೆಯಲ್ಲಿ ಅಕ್ಕಿ ಒಯ್ದವರು, ಸಾವಿನ ಮನೆಯಲ್ಲಿ ರಾತ್ರಿಯಿಡೀ ಕುಳಿತು ಜಪಸರ ಹೇಳಿದವರು ನಮ್ಮ ಅಜ್ಜಿಯರೇ ಹೌದು. ಅವರ ಪರಪ್ರೇಮಕ್ಕೆ ಯಾವ ವಿಶ್ವವಿದ್ಯಾನಿಲಯದ ಪ್ರಮಾಣಪತ್ರವೂ ಬೇಕಾಗಿರಲಿಲ್ಲ. ಆದರೆ ಅದೇ ಅಜ್ಜಿ ಮಗುವಿನ ಜ್ವರ ಇಳಿಯದಾಗ ಅದನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ತಮ್ಮ ಪ್ರೀತಿಯ ಎಲ್ಲೆ ಎಲ್ಲಿ ಮುಗಿಯುತ್ತದೆ, ಬಲ್ಲವರ ಕೈ ಎಲ್ಲಿಂದ ಬೇಕಾಗುತ್ತದೆ ಎಂಬುದನ್ನು ಅವರು ಅರಿತಿದ್ದರು. ಇಂದು ನಾವು ಹೇಳಬಯಸುವುದೂ ಇಷ್ಟನ್ನೇ: ಪ್ರೀತಿ ಸೇವೆಯ ಬೇರು; ಆದರೆ ಬೇರೊಂದೇ ಇದ್ದರೆ ಫಲ ದೊರಕದು. ಅರಿವಿಲ್ಲದ ಉಪಕಾರ ಕೆಲವೊಮ್ಮೆ ಅಪಕಾರವಾಗಿ ಪರಿಣಮಿಸುತ್ತದೆ.

ಪವಿತ್ರ ಗ್ರಂಥದ ಸಾಕ್ಷ್ಯ

ಲೂಕನ ಶುಭಸಂದೇಶದಲ್ಲಿ ಯೇಸುಸ್ವಾಮಿ ಹೇಳಿದ ಸಮಾರಿಯದವನ ಸಾಮತಿಯನ್ನು ನಾವೆಲ್ಲರೂ ಬಲ್ಲೆವು. ಆ ಪ್ರಯಾಣಿಕನ ಕನಿಕರವನ್ನು ಕುರಿತು ಸಾಕಷ್ಟು ಪ್ರಸಂಗಗಳನ್ನು ಕೇಳಿದ್ದೇವೆ; ಅವನ ಜಾಣ್ಮೆಯನ್ನು ಗಮನಿಸಿದವರು ಕಡಿಮೆ. ಅವನು ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹಾಕಿ ಕಟ್ಟಿದನು. ಅದು ಆ ಕಾಲದ ಪ್ರಥಮ ಚಿಕಿತ್ಸೆ. ನಡೆಯಲಾರದವನನ್ನು ತನ್ನ ವಾಹನದ ಮೇಲೆ ಕೂರಿಸಿದನು. ಛತ್ರಕ್ಕೆ ಕೊಂಡೊಯ್ದು ಆ ರಾತ್ರಿ ಆರೈಕೆ ಮಾಡಿದನು. ಮರುದಿನ ತಾನು ಹೊರಡಬೇಕಾದಾಗ ಛತ್ರದವನ ಕೈಗೆ ಎರಡು ನಾಣ್ಯಗಳನ್ನಿತ್ತು ಹೊಣೆ ಒಪ್ಪಿಸಿದನು. ಹೆಚ್ಚು ಖರ್ಚಾದರೆ ಹಿಂದಿರುಗಿ ಬಂದಾಗ ತೀರಿಸುವೆನೆಂದನು. ಪ್ರಥಮೋಪಚಾರ, ಸಾಗಾಟ, ಯೋಗ್ಯವಾದ ಸಂಸ್ಥೆಗೆ ಒಪ್ಪಿಸುವುದು, ಹಣದ ಏರ್ಪಾಡು, ಮತ್ತೆ ಬಂದು ವಿಚಾರಿಸುವುದು — ಇಂದು ಸಮಾಜಕಾರ್ಯದ ವಿದ್ಯಾರ್ಥಿಗೆ ಕಲಿಸುವ ಕ್ರಮವೂ ಬಹುಮಟ್ಟಿಗೆ ಇದೇ.

ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದಲ್ಲಿ ಇನ್ನೊಂದು ಪ್ರಸಂಗವಿದೆ. ಯೆರೂಸಲೇಮಿನ ಆದಿಸಭೆಯಲ್ಲಿ ದಿನನಿತ್ಯದ ಹಂಚಿಕೆಯ ವೇಳೆ ಗ್ರೀಕ್ ಭಾಷೆಯನ್ನಾಡುವ ವಿಧವೆಯರು ಕಡೆಗಣಿಸಲ್ಪಡುತ್ತಿದ್ದಾರೆಂಬ ದೂರು ಹುಟ್ಟಿತು. ಪ್ರೇಷಿತರು ಆ ದೂರನ್ನು ಹತ್ತಿಕ್ಕಲಿಲ್ಲ. ದೂರಿದವರನ್ನು ಗದರಿಸಲೂ ಇಲ್ಲ. ಆ ಕೆಲಸಕ್ಕೆಂದೇ ಏಳು ಮಂದಿಯನ್ನು ಆರಿಸುವಂತೆ ಸಭೆಗೆ ತಿಳಿಸಿದರು. ಆರಿಸುವುದಕ್ಕೆ ಇಟ್ಟ ಅರ್ಹತೆಗಳನ್ನು ಗಮನಿಸಬೇಕು: ಅವರು ಪವಿತ್ರಾತ್ಮಭರಿತರೂ ಜ್ಞಾನಸಂಪನ್ನರೂ ಆಗಿರಬೇಕು. ಭಕ್ತಿ ಇದ್ದರೆ ಸಾಕೆಂದು ಪ್ರೇಷಿತರು ಹೇಳಲಿಲ್ಲ. ಅನ್ನ ಬಡಿಸುವ ಕೆಲಸಕ್ಕೂ ವಿವೇಕವನ್ನು ಕೇಳಿದರು.

ಇತಿಹಾಸದ ಪಾಠ

ನಮ್ಮ ವಿಚಾರಣೆಗಳಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲರ ಹೆಸರಿನ ಸಭೆಯನ್ನು ಅರಿಯದವರಿಲ್ಲ. ಅದನ್ನು 1833ರಲ್ಲಿ ಪ್ಯಾರಿಸ್ ನಗರದಲ್ಲಿ ಗೆಳೆಯರೊಡನೆ ಸ್ಥಾಪಿಸಿದ ಫ್ರೆಡೆರಿಕ್ ಓಝನಾಂ ಆಗ ಇಪ್ಪತ್ತು ವರ್ಷದ ಕಾಲೇಜು ವಿದ್ಯಾರ್ಥಿ. ಬಡವರಿಗಾಗಿ ಏನಾದರೂ ಮಾಡಬೇಕೆಂಬ ಉತ್ಸಾಹ ಆ ತರುಣರಲ್ಲಿತ್ತು, ಹೇಗೆಂಬುದು ತಿಳಿದಿರಲಿಲ್ಲ. ಅವರು ನಗರದ ಬಡ ಕೇರಿಯೊಂದರಲ್ಲಿ ವರ್ಷಗಳಿಂದ ದುಡಿಯುತ್ತಿದ್ದ ಭಗಿನಿ ರೊಸಾಲಿಯವರ ಬಳಿಗೆ ಹೋದರು. ಯಾವ ಮನೆಗೆ ಹೋಗಬೇಕು, ಹೋದಾಗ ಹೇಗೆ ಮಾತನಾಡಬೇಕು, ಬಡವನ ಸ್ವಾಭಿಮಾನಕ್ಕೆ ಪೆಟ್ಟಾಗದಂತೆ ಹೇಗೆ ಕೊಡಬೇಕು ಎಂಬುದನ್ನು ಆಕೆಯಿಂದ ಕಲಿತರು. ಓಝನಾಂ 1997ರಲ್ಲಿಯೂ ಭಗಿನಿ ರೊಸಾಲಿ 2003ರಲ್ಲಿಯೂ ಧನ್ಯರ ಪದವಿಗೇರಿದರು. ಗುರುವೂ ಶಿಷ್ಯನೂ ವೇದಿಕೆಯಲ್ಲಿ ಸ್ಥಾನ ಪಡೆದ ಈ ಉದಾಹರಣೆ ಸೇವೆಗೆ ಶಿಕ್ಷಣ ಬೇಕೆಂಬುದಕ್ಕೆ ಸಾಕ್ಷಿ.

ಮದರ್ ತೆರೇಸಾ ಅವರ ಜೀವನವೂ ಇದನ್ನೇ ಸಾರುತ್ತದೆ. 1948ರಲ್ಲಿ ಲೊರೆಟೊ ಕನ್ಯಾಮಠದಿಂದ ಹೊರಬಂದಾಗ ಅವರು ನೇರವಾಗಿ ಕಲ್ಕತ್ತೆಯ ಕೊಳೆಗೇರಿಗೆ ಇಳಿಯಲಿಲ್ಲ. ಮೊದಲು ಪಟ್ನಾಕ್ಕೆ ಹೋಗಿ ಮೆಡಿಕಲ್ ಮಿಷನ್ ಭಗಿನಿಯರ ಆಸ್ಪತ್ರೆಯಲ್ಲಿ ಶುಶ್ರೂಷೆಯ ತರಬೇತಿ ಪಡೆದರು. ಆಗ ಅವರಿಗೆ 38 ವರ್ಷ. ಶಿಕ್ಷಕಿಯಾಗಿ ಬಹುಕಾಲ ಕಳೆದವರು. ಆದರೂ ರೋಗಿಯ ಹಾಸಿಗೆಯ ಬದಿಯಲ್ಲಿ ನಿಂತು ವಿದ್ಯಾರ್ಥಿನಿಯಾಗಲು ಹಿಂಜರಿಯಲಿಲ್ಲ. ಅನ್ನ ಮತ್ತು ಉಪ್ಪನ್ನಷ್ಟೇ ಉಂಡು ಬಡವರಂತೆಯೇ ಬಾಳಬೇಕೆಂಬ ಅವರ ಯೋಜನೆಯನ್ನು ಕೇಳಿ, ಸೇವೆ ಮಾಡುವವರ ದೇಹಕ್ಕೆ ಸರಿಯಾದ ಆಹಾರ ಬೇಕು, ಇಲ್ಲವಾದರೆ ಅವರೇ ರೋಗಿಗಳಾಗುವರೆಂದು ಅಲ್ಲಿಯ ಭಗಿನಿಯರು ತಿಳಿಹೇಳಿದರೆಂದು ಅವರ ಜೀವನಚರಿತ್ರೆಯಲ್ಲಿ ಓದುತ್ತೇವೆ. ಆಕೆ ಆ ಮಾತನ್ನು ಒಪ್ಪಿಕೊಂಡರು. 2016ರಲ್ಲಿ ಸಂತರ ಸಾಲಿಗೆ ಸೇರಿದ ಮಹಾತಾಯಿಯೇ ಕಲಿತು ಸೇವೆಗಿಳಿದಿರುವಾಗ ನಾವು ಕಲಿಯದೆ ಇಳಿಯಬಹುದೇ?

ನಮ್ಮ ಕರಾವಳಿಯ ಮಣ್ಣಿನಲ್ಲೂ ಈ ಪಾಠ ಅಚ್ಚೊತ್ತಿದೆ. ಜರ್ಮನಿಯಿಂದ ಬಂದ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರರು 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧಿಯನ್ನು ಹಂಚತೊಡಗಿದರು. 1890ರಲ್ಲಿ ಊರವರು ದೂರ ಸರಿಸಿದ್ದ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿಸಿದರು. ಕನಿಕರ ಅವರನ್ನು ರೋಗಿಗಳೆಡೆಗೆ ಕರೆದೊಯ್ದಿತು. ಔಷಧಿಯ ಅರಿವು ಅವರ ಕೈಗೆ ಬಲ ಕೊಟ್ಟಿತು.

ಸಮಾಜಕಾರ್ಯದ ಶಿಕ್ಷಣ

ಸೇವೆಯನ್ನು ಕಾಲೇಜಿನ ಪಾಠವಾಗಿ ಕಲಿಸುವ ಪದ್ಧತಿ ಹಳೆಯದೇನಲ್ಲ. ನ್ಯೂಯಾರ್ಕ್ ನಗರದ ದಾನಸಂಘಟನೆಯು 1898ರಲ್ಲಿ ನಡೆಸಿದ ಬೇಸಿಗೆ ಶಾಲೆ ಇಂತಹ ಮೊದಲ ಪ್ರಯತ್ನಗಳಲ್ಲಿ ಒಂದು. ನಮ್ಮ ದೇಶದಲ್ಲಿ 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನಲ್ಲಿ ಸಮಾಜಕಾರ್ಯದ ಶಾಲೆ ತೆರೆಯಿತು. ಅದೇ ಮುಂದೆ ಟಾಟಾ ಸಮಾಜವಿಜ್ಞಾನ ಸಂಸ್ಥೆಯೆಂದು ಹೆಸರಾಯಿತು. ಮೇರಿಯಮ್ಮನವರ ಹೃದಯದ ಪುತ್ರಿಯರ ಸಭೆಯವರು 1955ರಲ್ಲಿ ಮುಂಬಯಿಯಲ್ಲಿ ನಿರ್ಮಲಾ ನಿಕೇತನವನ್ನೂ 1960ರಲ್ಲಿ ಮಂಗಳೂರಿನಲ್ಲಿ ರೋಶನಿ ನಿಲಯವನ್ನೂ ಸ್ಥಾಪಿಸಿದರು. ಈ ಸಭೆಯು ಫ್ರೆಂಚ್ ಮಹಾಕ್ರಾಂತಿಯ ಕಾಲದಲ್ಲಿ, ಮಠಗಳು ಮುಚ್ಚಲ್ಪಟ್ಟಾಗ, 1790ರಲ್ಲಿ ಹುಟ್ಟಿದ್ದು. ವಿಶೇಷ ಉಡುಪಿಲ್ಲದೆ ಜನರ ನಡುವೆ ಜನರಂತೆಯೇ ಬಾಳುವುದು ಅವರ ಪದ್ಧತಿ. ಸಮಾಜಕಾರ್ಯವನ್ನು ಕಲಿಸಲು ಇಂತಹವರು ಮುಂದಾದುದು ತೀರ ಸಹಜವೇ.

ಹಾಗಾದರೆ ಅಲ್ಲಿ ಕಲಿಸುವುದೇನು? ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಕಾನೂನು, ಸಂಶೋಧನೆ ಮುಂತಾದ ಪಾಠಗಳ ಜೊತೆಗೆ ಈ ವೃತ್ತಿಯ ಸ್ವಂತ ವಿಧಾನಗಳಿವೆ. ಒಬ್ಬ ವ್ಯಕ್ತಿ ಅಥವಾ ಕುಟುಂಬದ ಕಷ್ಟವನ್ನು ಅವರೊಡನೆಯೇ ಕುಳಿತು ಬಿಡಿಸುವುದು ವ್ಯಕ್ತಿಗತ ಸಮಾಜಕಾರ್ಯ. ಒಂದೇ ಬಗೆಯ ಕಷ್ಟದಲ್ಲಿರುವವರು ಪರಸ್ಪರ ಬಲವಾಗುವಂತೆ ನೆರವಾಗುವುದು ವೃಂದಗತ ಸಮಾಜಕಾರ್ಯ. ಊರಿಗೆ ಊರೇ ತನ್ನ ಅಗತ್ಯವನ್ನು ತಾನೇ ಗುರುತಿಸಿ ಒಗ್ಗೂಡಿ ನಿಲ್ಲುವಂತೆ ಮಾಡುವುದು ಸಮುದಾಯ ಸಂಘಟನೆ. ಇವುಗಳೊಡನೆ ಸಂಸ್ಥೆಗಳ ಆಡಳಿತವನ್ನೂ ಅನ್ಯಾಯದ ವಿರುದ್ಧ ಸಾಮಾಜಿಕ ಕ್ರಿಯೆಯನ್ನೂ ಅಭ್ಯಸಿಸುತ್ತಾರೆ.

ಆದರೆ ಈ ಶಿಕ್ಷಣದ ಜೀವಾಳ ಪುಸ್ತಕವಲ್ಲ, ಕ್ಷೇತ್ರಕಾರ್ಯ. ವಾರದ ನಿಗದಿತ ದಿನಗಳಲ್ಲಿ ವಿದ್ಯಾರ್ಥಿಯು ಆಸ್ಪತ್ರೆಗೋ ಮಕ್ಕಳ ಮಂದಿರಕ್ಕೋ ಕೊಳೆಗೇರಿಗೋ ಹಳ್ಳಿಗೋ ಹೋಗಲೇಬೇಕು. ಕಂಡದ್ದು, ಕೇಳಿದ್ದು, ತಾನು ಆಡಿದ್ದು ಎಲ್ಲವನ್ನೂ ಬರೆದು ಮೇಲ್ವಿಚಾರಕರ ಮುಂದಿಡಬೇಕು. 'ಆ ತಾಯಿ ಅತ್ತಾಗ ನೀನು ಮಾತು ಬದಲಿಸಿದ್ದೇಕೆ?' ಎಂದು ಅವರು ಕೇಳುತ್ತಾರೆ. 'ಅವಳು ಕೇಳದ ಸಲಹೆಯನ್ನು ಕೊಟ್ಟದ್ದೇಕೆ?' ಎಂದು ಕೇಳುತ್ತಾರೆ. ಹೀಗೆ ತಿದ್ದಿಸಿಕೊಳ್ಳುತ್ತ ತಿದ್ದಿಸಿಕೊಳ್ಳುತ್ತ ತರುಣರ ಕಿವಿ ಹರಿತವಾಗುತ್ತದೆ, ನಾಲಗೆ ಹದಕ್ಕೆ ಬರುತ್ತದೆ.

ಈ ವೃತ್ತಿಯ ಶೀಲವನ್ನು ಸ್ಪಷ್ಟವಾಗಿ ಬಿಡಿಸಿ ಹೇಳಿದವರಲ್ಲಿ ಒಬ್ಬರು ಯೇಸುಸಭೆಯ ಗುರುಗಳೆಂಬುದು ನಮಗೆ ಅಭಿಮಾನದ ವಿಷಯ. ಅಮೆರಿಕದ ಶಿಕಾಗೋ ನಗರದ ಲೊಯೋಲ ವಿಶ್ವವಿದ್ಯಾನಿಲಯದಲ್ಲಿ ಬೋಧಿಸುತ್ತಿದ್ದ ಫಾದರ್ ಫೆಲಿಕ್ಸ್ ಬೀಸ್ಟೆಕ್ 1957ರ ತಮ್ಮ ಗ್ರಂಥದಲ್ಲಿ ಏಳು ತತ್ತ್ವಗಳನ್ನು ನಿರೂಪಿಸಿದರು. ಪ್ರತಿಯೊಬ್ಬನನ್ನೂ ಅವನದೇ ಆದ ವ್ಯಕ್ತಿತ್ವವುಳ್ಳವನೆಂದು ಕಾಣಬೇಕು, ಅವನ ಭಾವನೆಗಳು ಹೊರಬರಲು ಎಡೆ ಕೊಡಬೇಕು, ಅವನ ದುಃಖಕ್ಕೆ ಮಿಡಿಯಬೇಕು, ಆದರೆ ಅದರಲ್ಲಿ ಕೊಚ್ಚಿಹೋಗಬಾರದು, ಅವನು ಇದ್ದಂತೆಯೇ ಅವನನ್ನು ಸ್ವೀಕರಿಸಬೇಕು, ತೀರ್ಪು ನೀಡಬಾರದು, ತನ್ನ ದಾರಿಯನ್ನು ತಾನೇ ಆರಿಸುವ ಅವನ ಹಕ್ಕನ್ನು ಗೌರವಿಸಬೇಕು, ಅವನು ಹೇಳಿದ್ದನ್ನು ಗುಟ್ಟಾಗಿಡಬೇಕು. ಈ ಏಳನ್ನು ಓದಲು ಐದು ನಿಮಿಷ ಸಾಕು. ಮೈಗೂಡಿಸಲು ವರ್ಷಗಳೇ ಬೇಕು.

ಒಂದು ಮನೆಯ ಉದಾಹರಣೆ

ಇದೆಲ್ಲ ಬರಿಯ ತತ್ತ್ವವೆಂದು ತೋರಬಾರದೆಂದು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಯಜಮಾನ ಕುಡಿಯುತ್ತಾನೆ. ಹೆಂಡತಿ ಬೀಡಿ ಕಟ್ಟಿ ಸಂಸಾರ ತೂಗಿಸುತ್ತಾಳೆ. ಹನ್ನೆರಡು ವರ್ಷದ ಮಗ ಶಾಲೆ ಬಿಟ್ಟು ಹೋಟೆಲಿನಲ್ಲಿ ಲೋಟ ತೊಳೆಯುತ್ತಾನೆ. ವಾಳೆಯ ಗುರಿಕಾರರಿಗೆ ಸುದ್ದಿ ಮುಟ್ಟುತ್ತದೆ. ನಾವು ನಾಲ್ಕು ಮಂದಿ ಸೇರಿ ಹೋಗುತ್ತೇವೆ, ಅಕ್ಕಿ ಕೊಡುತ್ತೇವೆ, ನೆರೆಕರೆಯವರ ಎದುರಿಗೇ ಅವನನ್ನು ಬೈಯುತ್ತೇವೆ, ಇನ್ನು ಮುಟ್ಟುವುದಿಲ್ಲವೆಂದು ಪೀಠದ ಮುಂದೆ ಆಣೆ ಹಾಕಿಸುತ್ತೇವೆ. ಕೆಲದಿನ ಕಳೆದು ಅವನು ಮತ್ತೆ ಕುಡಿಯುತ್ತಾನೆ. ಆಣೆ ಮುರಿದವನೆಂಬ ನಾಚಿಕೆಯಿಂದ ಇಗರ್ಜಿಗೆ ಬರುವುದನ್ನೂ ನಿಲ್ಲಿಸುತ್ತಾನೆ. 'ಎಷ್ಟು ಹೇಳಿದರೂ ಅಷ್ಟೇ' ಎಂದು ನಾವು ಕೈತೊಳೆದುಕೊಳ್ಳುತ್ತೇವೆ. ನಮ್ಮ ಉದ್ದೇಶ ಒಳ್ಳೆಯದೇ ಆಗಿತ್ತು; ಆದರೂ ಒಬ್ಬನನ್ನು ದೇವಾಲಯದಿಂದ ದೂರ ಮಾಡಿದೆವು.

ಕಲಿತವರು ಬೇರೆ ರೀತಿ ನಡೆದುಕೊಳ್ಳುತ್ತಾರೆ. ಮದ್ಯದ ಅಧೀನತೆ ಒಂದು ರೋಗವೆಂಬುದು ಅವರಿಗೆ ಗೊತ್ತು. ಬಹುಕಾಲ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಕ, ಸೆಳವು, ಬುದ್ಧಿಭ್ರಮೆ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದೆಂಬುದೂ ಗೊತ್ತು. ಆದುದರಿಂದ ಆಣೆಗಿಂತ ಮೊದಲು ವೈದ್ಯರನ್ನು ನೆನೆಯುತ್ತಾರೆ. ಚಿಕಿತ್ಸೆಯ ಬಳಿಕ, 1935ರಲ್ಲಿ ಅಮೆರಿಕದಲ್ಲಿ ಕುಡಿತ ಬಿಡಬಯಸಿದ ಇಬ್ಬರ ಭೇಟಿಯಿಂದ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದಂತಹ ಗೆಳೆಯರ ಬಳಗಕ್ಕೆ ಅವನನ್ನು ಸೇರಿಸುತ್ತಾರೆ. ಮತ್ತೆ ಎಡವಿದರೆ ಅದನ್ನು ದ್ರೋಹವೆಂದು ಎಣಿಸದೆ ರೋಗದ ಮರುಕಳಿಕೆಯೆಂದು ತಿಳಿದು ಕೈ ಹಿಡಿಯುತ್ತಾರೆ. ಹೆಂಡತಿಯೊಡನೆ ಪ್ರತ್ಯೇಕವಾಗಿ ಮಾತನಾಡುತ್ತಾರೆ; ಹೊಡೆತ ಬಡಿತವಿದ್ದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ ಪ್ರಕಾರ ರಕ್ಷಣಾಧಿಕಾರಿ ಇದ್ದಾರೆಂದು ತಿಳಿಸುತ್ತಾರೆ; ಆದರೆ ತೀರ್ಮಾನವನ್ನು ಅವಳಿಗೇ ಬಿಡುತ್ತಾರೆ. ಹುಡುಗನಿಗೆ ಹದಿನಾಲ್ಕರವರೆಗೆ ಉಚಿತ ಶಿಕ್ಷಣ ಹಕ್ಕೆಂದು 2009ರ ಕಾಯಿದೆ ಹೇಳುತ್ತದೆಂಬುದನ್ನು ನೆನಪಿಸಿ ಅವನನ್ನು ಶಾಲೆಗೆ ಮರಳಿಸುತ್ತಾರೆ. ಬೀಡಿ ಕಾರ್ಮಿಕರ ಮಕ್ಕಳಿಗೆ ಸಿಗುವ ವಿದ್ಯಾರ್ಥಿವೇತನಕ್ಕೆ ಅರ್ಜಿ ಬರೆಸುತ್ತಾರೆ. ನಾವು ಕೊಟ್ಟ ಅಕ್ಕಿ ವಾರದಲ್ಲಿ ಮುಗಿಯಿತು. ಇವರು ಕೊಟ್ಟದ್ದು ಆ ಮನೆಯ ಕಾಲಿಗೆ ಬಲ.

ಮತ್ತೊಂದು ಸಂಗತಿಯನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಾಗ ಮನೆಯ ಮಾನಕ್ಕಾಗಿ, ಸಂಸ್ಥೆಯ ಹೆಸರಿಗಾಗಿ ಮುಚ್ಚಿಡುವವರಿದ್ದಾರೆ. 2012ರ ಪೋಕ್ಸೋ ಕಾಯಿದೆಯಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು ಅಪರಾಧ. ಗುಟ್ಟನ್ನು ಕಾಯುವುದು ಸಮಾಜಕಾರ್ಯಕರ್ತನ ಧರ್ಮವೇ ಸರಿ. ಆದರೆ ಮಗುವಿನ ರಕ್ಷಣೆ ಅದಕ್ಕಿಂತ ಹಿರಿದು. ಎಲ್ಲಿ ಬಾಯಿ ಮುಚ್ಚಬೇಕು, ಎಲ್ಲಿ ಬಾಯಿ ತೆರೆಯಬೇಕು ಎಂಬ ವಿವೇಕವನ್ನು ಈ ಶಿಕ್ಷಣ ಕೊಡುತ್ತದೆ. ಆ ವಿವೇಕ ಇಲ್ಲದೆಡೆ ಸದುದ್ದೇಶವೇ ಮಗುವಿಗೆ ಮುಳುವಾಗುತ್ತದೆ.

ದಾನದಿಂದ ನ್ಯಾಯದೆಡೆಗೆ

1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಶ್ರೀಸಾಮಾನ್ಯ ವಿಶ್ವಾಸಿಗಳ ಪ್ರೇಷಿತಕಾರ್ಯವನ್ನು ಕುರಿತು ಹೊರಡಿಸಿದ ಆಜ್ಞಾಪತ್ರದಲ್ಲಿ ಈ ವಿಷಯದ ಸಾರವೇ ಅಡಗಿದೆ. ನ್ಯಾಯವಾಗಿ ಸಲ್ಲಬೇಕಾದುದನ್ನು ದಾನದ ರೂಪದಲ್ಲಿ ಕೊಡಬಾರದೆಂದು ಅದು ಎಚ್ಚರಿಸುತ್ತದೆ. ಕೇಡಿನ ಫಲಗಳನ್ನು ಮಾತ್ರವಲ್ಲ, ಅದರ ಕಾರಣಗಳನ್ನೂ ಕೀಳಬೇಕು. ನೆರವು ಪಡೆದವರು ಕ್ರಮೇಣ ಪರಾಧೀನತೆಯಿಂದ ಬಿಡುಗಡೆ ಹೊಂದಿ ಸ್ವಾವಲಂಬಿಗಳಾಗುವಂತೆ ನೆರವನ್ನು ಏರ್ಪಡಿಸಬೇಕು ಎಂದೂ ಬೋಧಿಸುತ್ತದೆ. ಹಬ್ಬದ ದಿನ ಸೀರೆ ಹಂಚುವುದು ಸುಲಭ. ವಿಧವೆಗೆ ಸರಕಾರದಿಂದ ಸಲ್ಲಬೇಕಾದ ಮಾಸಾಶನ ಏಕೆ ನಿಂತಿತೆಂದು ತಾಲೂಕು ಕಚೇರಿಗೆ ಮೂರು ಸಲ ಅಲೆಯುವುದು ಕಷ್ಟ. ಆದರೆ ಮಹಾಸಭೆ ನಮ್ಮಿಂದ ನಿರೀಕ್ಷಿಸಿದ್ದು ಆ ಎರಡನೆಯದನ್ನು. ಅರ್ಜಿ, ಕಾನೂನು, ಕಚೇರಿ ಇವುಗಳ ಅರಿವಿಲ್ಲದೆ ಅದು ಸಾಧ್ಯವಾಗದು.

ಹೆತ್ತವರಿಗೆ ಎರಡು ಮಾತು

ಈ ಓದಿನಿಂದ ಹೊಟ್ಟೆ ತುಂಬುವುದೇ ಎಂಬ ನಿಮ್ಮ ಚಿಂತೆ ನಮಗೆ ಅರ್ಥವಾಗುತ್ತದೆ. ಎಂಜಿನಿಯರನ ಸಂಬಳವೋ ಗಲ್ಫ್ ದೇಶದ ದುಡಿಮೆಯೋ ಇದರಲ್ಲಿ ದೊರಕುತ್ತದೆಂದು ನಾವು ಆಸೆ ತೋರಿಸಲಾರೆವು. ಅನೇಕ ಸಂಸ್ಥೆಗಳಲ್ಲಿ ಆರಂಭದ ಸಂಬಳ ಕಡಿಮೆ, ಕೆಲಸ ಜಾಸ್ತಿ. ಊರು ಉಪಕಾರ ಅರಿಯದು ಎಂಬ ಗಾದೆಯ ಸತ್ಯವೂ ಆಗಾಗ ಅನುಭವಕ್ಕೆ ಬರುತ್ತದೆ. ಆದರೆ ದಾರಿಯೇ ಇಲ್ಲವೆಂದು ತಿಳಿಯಬೇಡಿ. ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜಕಾರ್ಯಕರ್ತರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕ್ಕೆಂದೇ ಪ್ರತ್ಯೇಕ ವಿಭಾಗವಿದೆ. 500 ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿ ಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ವಿಧಿಸಿತು. 2015ರ ಬಾಲನ್ಯಾಯ ಕಾಯಿದೆಯು ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಪಕ್ಕದಲ್ಲಿ ಇಬ್ಬರು ಸಮಾಜಕಾರ್ಯಕರ್ತರನ್ನು ಕೂರಿಸಿದೆ. ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಮಕ್ಕಳ ಸಹಾಯವಾಣಿ 1098 ಹುಟ್ಟಿದ್ದು 1996ರಲ್ಲಿ, ಟಾಟಾ ಸಂಸ್ಥೆಯ ಒಂದು ಕ್ಷೇತ್ರ ಯೋಜನೆಯಾಗಿ. ಕುಡಿತ ಬಿಡಿಸುವ ಕೇಂದ್ರ, ವೃದ್ಧಾಶ್ರಮ, ವಿಶೇಷ ಶಾಲೆ, ಗ್ರಾಮಾಭಿವೃದ್ಧಿ ಸಂಸ್ಥೆ — ಎಲ್ಲೆಡೆಯೂ ಕಲಿತ ಕೈಗಳ ಕೊರತೆಯಿದೆ.

ಇನ್ನೊಂದು ವಿನಂತಿ. ಬೇರೆ ಯಾವ ಕೋರ್ಸಿನಲ್ಲಿಯೂ ಸೀಟು ಸಿಗಲಿಲ್ಲವೆಂಬ ಕಾರಣಕ್ಕಾಗಿ ಮಕ್ಕಳನ್ನು ಇದಕ್ಕೆ ಸೇರಿಸಬೇಡಿ. ಹಾಗೆಯೇ ಮಗಳು ತಾನಾಗಿ ಇದನ್ನೇ ಆರಿಸಿದರೆ 'ಇದೂ ಒಂದು ಓದೇ' ಎಂದು ಅವಳನ್ನು ಕುಗ್ಗಿಸಬೇಡಿ. ನಿಮ್ಮ ವಂಶದಲ್ಲಿ ಅಜ್ಜಿ ಮಾಡಿದ್ದನ್ನೇ ಅವಳು ಶಾಸ್ತ್ರೀಯವಾಗಿ ಮಾಡಹೊರಟಿದ್ದಾಳೆ.

ವಿದ್ಯೆಯೊಂದೇ ಸಾಲದು

ಯುವಮಿತ್ರರೇ, ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಪದವಿ ಪಡೆದೊಡನೆ ಸೇವಕರಾದೆವೆಂದು ಭ್ರಮಿಸಬಾರದು. ಜಗದ್ಗುರು 16ನೇ ಬೆನೆಡಿಕ್ಟರು 2005ರಲ್ಲಿ ದೇವರ ಪ್ರೀತಿಯನ್ನು ಕುರಿತು ಬರೆದ ತಮ್ಮ ಮೊದಲನೆಯ ವಿಶ್ವಪತ್ರದಲ್ಲಿ ಈ ಎರಡನ್ನೂ ತೂಗಿ ನೋಡಿದ್ದಾರೆ. ಕಷ್ಟದಲ್ಲಿರುವವರ ಆರೈಕೆ ಮಾಡುವವರಿಗೆ ವೃತ್ತಿಪರ ಸಾಮರ್ಥ್ಯ ಮೊದಲು ಬೇಕು. ಆದರೆ ಅದೊಂದೇ ಸಾಲದು, ಹೃದಯದ ಶಿಕ್ಷಣವೂ ಬೇಕು ಎಂಬುದು ಅವರ ಬೋಧೆಯ ತಿರುಳು. ನೆರವನ್ನು ಮತಾಂತರದ ಸಾಧನವಾಗಿ ಬಳಸಲಾಗದು, ಪ್ರೀತಿಗೆ ಬೆಲೆ ಕಟ್ಟಲಾಗದು ಎಂದೂ ಅವರು ಅಲ್ಲಿಯೇ ಸ್ಪಷ್ಟಪಡಿಸಿದ್ದಾರೆ. ಬಲ್ಲವನಾಗಿದ್ದು ಪ್ರೀತಿಯಿಲ್ಲದವನು ಬಡವನನ್ನು ಕಡತದ ಸಂಖ್ಯೆಯನ್ನಾಗಿ ಮಾಡುತ್ತಾನೆ. ಕಚೇರಿಯ ಬೆಂಚಿನ ಮೇಲೆ ತಾಸುಗಟ್ಟಲೆ ಕಾಯಿಸಿ ಕೊನೆಗೆ 'ನಾಳೆ ಬಾ' ಎನ್ನುವ ಪದವೀಧರನಿಗಿಂತ ಅಕ್ಷರ ಅರಿಯದ ನಮ್ಮ ಅಜ್ಜಿಯೇ ಮೇಲು.

ಹೃದಯದ ಶಿಕ್ಷಣಕ್ಕೆ ಕಾಲೇಜಿನಲ್ಲಿ ತರಗತಿಯಿಲ್ಲ. ಅದು ದೊರಕುವುದು ಇಲ್ಲಿ, ಈ ದೇವಾಲಯದಲ್ಲಿ. ಬಲಿಪೂಜೆಯಲ್ಲಿ, ಪ್ರಾರ್ಥನೆಯಲ್ಲಿ, ನಮ್ಮ ಮನೆಯ ಊಟದ ಎಲೆಯ ಮುಂದೆ. ದಿನವೂ ಪರರ ದುಃಖವನ್ನು ಕೇಳುವವರ ಮನಸ್ಸು ಒಣಗಿಹೋಗುವ ಅಪಾಯವಿದೆ. ಅದಕ್ಕೆ ನೀರೆರೆಯುವ ಬುಗ್ಗೆಯೂ ಇಲ್ಲಿಯೇ ಇದೆ.

ವಿಚಾರಣೆಯ ಹೊಣೆ

ನೂರು ವರ್ಷ ತುಂಬಿದ ಈ ವಿಚಾರಣೆ ನೆನಪಿಗಾಗಿ ಏನಾದರೂ ಕಟ್ಟಬೇಕೆಂದು ಯೋಚಿಸುವುದು ಸಹಜ. ಕಮಾನು ಕಟ್ಟಬಹುದು, ಗಂಟೆಗೋಪುರ ಎತ್ತರಿಸಬಹುದು. ಅವುಗಳ ಜೊತೆಗೆ ಒಂದು ವಿನಮ್ರ ಸೂಚನೆ ನಮ್ಮದು. ಪ್ರತಿ ವರ್ಷ ಈ ವಿಚಾರಣೆಯ ಒಬ್ಬ ವಿದ್ಯಾರ್ಥಿಯ ಸಮಾಜಕಾರ್ಯದ ಓದಿಗೆ ಶುಲ್ಕ ಕೊಡುವ ಒಂದು ನಿಧಿ ಇರಲಿ. ರಜೆಯಲ್ಲಿ ಅವನು ಅಥವಾ ಅವಳು ಬಂದು ಸಂತ ವಿನ್ಸೆಂಟರ ಸಭೆಯ ಸದಸ್ಯರಿಗೂ ಗುರಿಕಾರರಿಗೂ ತಾನು ಕಲಿತುದನ್ನು ಹಂಚಲಿ. ಮನೆಮನೆ ಸುತ್ತಿದ ಆ ಹಿರಿಯರ ಅನುಭವವನ್ನು ತಾನೂ ಪಡೆಯಲಿ. ಸಹಾಯ ಕೇಳಿ ಬಂದವರ ಹೆಸರನ್ನು ಸಭೆಯಲ್ಲಿ ಓದದೆ ಅವರ ಮಾನ ಕಾಯುವ ಪದ್ಧತಿ ಇಂದಿನಿಂದಲೇ ಆರಂಭವಾಗಲಿ. ಅದಕ್ಕೆ ನಿಧಿಯೂ ಬೇಡ, ಪದವಿಯೂ ಬೇಡ.

ನಮ್ಮ ಹಿರಿಯರು ಕಲ್ಲಿನ ಮೇಲೆ ಕಲ್ಲಿಟ್ಟು ದೇವರಿಗೆ ಮನೆ ಕಟ್ಟಿದರು. ಅವರಿಗೆ ಭಕ್ತಿಯೂ ಇತ್ತು, ನೂಲುಗುಂಡು ಹಿಡಿದು ಗೋಡೆ ನೆಟ್ಟಗಿದೆಯೇ ಎಂದು ನೋಡುವ ಕುಶಲತೆಯೂ ಇತ್ತು. ಎರಡೂ ಇದ್ದುದರಿಂದಲೇ ಗೋಡೆ ನೂರು ಮಳೆಗಾಲವನ್ನು ತಡೆದು ನಿಂತಿದೆ. ಮುರಿದ ಮನೆಗಳನ್ನು ಎತ್ತಿ ನಿಲ್ಲಿಸಹೊರಡುವ ನಮ್ಮ ಮಕ್ಕಳಿಗೂ ಆ ಎರಡೂ ದೊರಕಲಿ. ಸರ್ವಶಕ್ತನಾದ ದೇವರು ಅವರ ಬುದ್ಧಿಯನ್ನು ಬೆಳಗಲಿ, ಹೃದಯವನ್ನು ಮೃದುವಾಗಿರಿಸಲಿ, ಕೈಗಳನ್ನು ಬಲಪಡಿಸಲಿ ಎಂದು ಹಾರೈಸುತ್ತೇವೆ.